ಹೆಂಗಸಿನ ತಾಳಕ್ಕೆ ಬೇರೆ ಲೆಕ್ಕ

ಜನವರಿ 12, 2025, ಭಾನುವಾರ

ನಿನ್ನೆ ರಾತ್ರಿ ಪಕ್ಕದ ಊರಲ್ಲಿ ಯಕ್ಷಗಾನದ ಆಟ. ಪ್ರಸಂಗ ಕರ್ಣಪರ್ವ. ಪದ್ಯ ಹಾಡಲು ಮೊದಲರ್ಧಕ್ಕೆ ಹಿರಿಯ ಭಾಗವತರು, ಆಮೇಲೆ ಒಬ್ಬ ಯುವತಿ. ಆಕೆ ಆವೇಶದ ಏರುಪದ್ಯ ಎತ್ತಿದ್ದೇ ತಡ, ಚೆಂಡೆಯವರಿಗೂ ಹುರುಪು ಬಂತು. ನನ್ನ ಪಕ್ಕ ಕೂತಿದ್ದ ಹಿರಿಯರು, "ಹೆಂಗಸಾದರೂ ಎಂಥಾ ಪದ್ಯ ಮಾರಾಯ್ರೆ!" ಎಂದು ತಲೆದೂಗಿದರು. ಸ್ವಲ್ಪ ಹೊತ್ತಿಗೆ ಒಂದು ಕಡೆ ತಾಳ ಜಾರಿತು. ಮದ್ದಳೆಯವರು ತಕ್ಷಣ ಸಂಭಾಳಿಸಿದರು. ಪಕ್ಕದ ಹಿರಿಯರು ಮಾತ್ರ, "ಅದಕ್ಕೇ ಹೇಳುವುದು, ಇದು ಹೆಂಗಸರ ಕೆಲಸ ಅಲ್ಲ" ಎಂದರು.

ಅದಕ್ಕೂ ಮುಂಚೆ ಹಿರಿಯ ಭಾಗವತರು ಪದ್ಯದ ಒಂದು ಸಾಲನ್ನೇ ಮರೆತಿದ್ದರು. ಆಗ ಇದೇ ಬಾಯಿ, "ಪಾಪ, ದಿನಾ ಆಟ, ನಿದ್ರೆಯೇ ಇಲ್ಲ ಅವರಿಗೆ" ಎಂದಿತ್ತು.

ಇವತ್ತಿಡೀ ತಲೆಯಲ್ಲಿ ಇದೇ ಕೊರೆಯುತ್ತಿದೆ. ಆಕೆ ಚೆನ್ನಾಗಿ ಹಾಡಿದರೆ ಅದು ಆಕೆಯೊಬ್ಬಳ ಹೆಚ್ಚುಗಾರಿಕೆ. ತಪ್ಪಿದರೆ ಹೆಂಗಸರೆಲ್ಲರ ತಪ್ಪು. ಹೀಗಾದರೆ ಎಷ್ಟು ಜನ ಬಂದು ಹಾಡಿದರೂ ಯಕ್ಷಗಾನ 'ಗಂಡುಕಲೆ' ಅನ್ನೋ ನಂಬಿಕೆ ಅಲುಗಾಡುವುದೇ ಇಲ್ಲ, ಅಲ್ವಾ?

ಕಳೆದ ತಿಂಗಳು ತೀರಿಕೊಂಡ ಲೀಲಾವತಿ ಬೈಪಡಿತ್ತಾಯರು ನೆನಪಾದರು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಹಾಡಿದ ಮೊದಲ ಮಹಿಳಾ ಭಾಗವತರು. ಗಂಡ ಹರಿನಾರಾಯಣ ಬೈಪಡಿತ್ತಾಯರು ಚೆಂಡೆ-ಮದ್ದಳೆಯ ಹಿಮ್ಮೇಳದ ಕಲಾವಿದರು. ರಾತ್ರಿಯಿಡೀ ಆಟ, ಗಂಡಸರೇ ತುಂಬಿದ ಚೌಕಿ, ಅಂದರೆ ಬಣ್ಣ ಹಚ್ಚುವ ಕೋಣೆ. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ ಬಂತು. ಅಂಥವರು ದಾರಿ ಮಾಡಿಕೊಟ್ಟ ಮೇಲೂ ಈಗಿನ ಹುಡುಗಿಯರು ಮೊದಲಿನಿಂದ ಪರೀಕ್ಷೆ ಬರೆಯಬೇಕು.

ಗಂಡಸು ದ್ರೌಪದಿಯಾದರೆ ಯಾರೂ ಹುಬ್ಬೇರಿಸುವುದಿಲ್ಲ. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನು ಜನ ಈಗಲೂ ಕೊಂಡಾಡುತ್ತಾರೆ, ಕೊಂಡಾಡಬೇಕಾದ್ದೇ. ಹಾಗಿದ್ದ ಮೇಲೆ ಹೆಂಗಸು ಭಾಗವತರ ಜಾಗಟೆ ಹಿಡಿದರೆ ಯಾಕೆ ಕಸಿವಿಸಿ? ಇದು ಕಂಠದ ವಿಷಯವೇ ಅಲ್ಲ ಅನ್ನಿಸುತ್ತದೆ ನನಗೆ. ಭಾಗವತರೆಂದರೆ ಆಟ ನಡೆಸುವವರು. ಪದ್ಯ ಎಲ್ಲಿ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು, ವೇಷ ಎಷ್ಟು ಹೊತ್ತು ಕುಣಿಯಬೇಕು, ಎಲ್ಲ ಅವರ ಕೈಯಲ್ಲಿ. ಕರ್ಣನೂ ಅರ್ಜುನನೂ ಆಕೆಯ ತಾಳಕ್ಕೇ ಹೆಜ್ಜೆ ಹಾಕಬೇಕು. ಹೆಂಗಸು ಹಾಡುವುದನ್ನು ಸುಮ್ನೆ ಒಪ್ಪಿಕೊಳ್ಳುವವರಿಗೂ ಹೆಂಗಸು ಆಟ ನಡೆಸುವುದು ಇರಿಸುಮುರಿಸು.

ನಮ್ಮ ಊರಿನ ಮಕ್ಕಳ ಯಕ್ಷಗಾನ ತರಗತಿಯಲ್ಲಿ ಈ ಸಲ ಹುಡುಗಿಯರೇ ಜಾಸ್ತಿ. ವಾರ್ಷಿಕೋತ್ಸವದ ಆಟಕ್ಕೆ ಭಾಗವತರನ್ನು ಇನ್ನೂ ಗೊತ್ತು ಮಾಡಿಲ್ಲ. ನಿನ್ನೆ ಹಾಡಿದವರನ್ನೇ ಕರೆಯೋಣ, ಒಂದೆರಡು ಪದ್ಯಕ್ಕಲ್ಲ, ಮೊದಲಿನಿಂದ ಮಂಗಳದವರೆಗೂ ಅವರೇ ನಡೆಸಲಿ ಎಂದು ಸಮಿತಿಯಲ್ಲಿ ಹೇಳುತ್ತೇನೆ.