ಕಾರಿನ ಹಿಂದೆ ಬೈಕು: ಪರದೇಶದಲ್ಲಿ ಟ್ರೇಲರ್ ಎಳೆಯುವುದರ ಲೆಕ್ಕಾಚಾರ

ಬೈಕು ಇರುವುದು ಸವಾರಿಗೆ, ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವುದು ಸವಾರನಿಗೆ ಶೋಭೆಯಲ್ಲ ಎಂದು ವಾದಿಸುವವರು ಎಲ್ಲ ದೇಶಗಳಲ್ಲೂ ಸಿಗುತ್ತಾರೆ. ಅವರೊಡನೆ ವಾದಕ್ಕೆ ಇಳಿಯುವ ಉತ್ಸಾಹ ನನಗಿಲ್ಲ. ಯುರೋಪಿನಲ್ಲಿ ನೆಲೆಸಿ, ಕೆಲಸದ ನಿಮಿತ್ತ ಊರು ಬದಲಿಸುತ್ತಾ, ರಜೆ ಸಿಕ್ಕಿದೊಡನೆ ಆಲ್ಪ್ಸ್ ಪರ್ವತಗಳ ಕಡೆಗೆ ಮುಖ ಮಾಡುವ ನನ್ನಂಥವನಿಗೆ ಟ್ರೇಲರ್ ಬಹಳ ಉಪಯುಕ್ತವಾದ ಸಾಧನವಾಗಿದೆ. ನೂರಾರು ಕಿಲೋಮೀಟರ್ ನೇರ ಹೆದ್ದಾರಿಯಲ್ಲಿ ಬೈಕು ಓಡಿಸಿದರೆ ಹಿಂದಿನ ಟೈರಿನ ನಡುಭಾಗ ಚಪ್ಪಟೆಯಾಗಿ ಸವೆಯುತ್ತದೆ, ಘಟ್ಟದ ತಿರುವುಗಳು ಆರಂಭವಾಗುವ ಹೊತ್ತಿಗೆ ಸವಾರನ ಬೆನ್ನು ಸೋತಿರುತ್ತದೆ, ಮತ್ತು ಹೆಂಡತಿ ಮಕ್ಕಳು ಜೊತೆಗಿದ್ದರೆ ಅವರು ಹೇಗೂ ಕಾರಿನಲ್ಲೇ ಬರಬೇಕಾಗುತ್ತದೆ. ಮನೆ ಬದಲಿಸುವಾಗಲೂ, ಕೆಟ್ಟು ನಿಂತ ಬೈಕನ್ನು ದುರಸ್ತಿಗೆ ಒಯ್ಯುವಾಗಲೂ, ರಸ್ತೆ ನೋಂದಣಿಯಿಲ್ಲದ ಬೈಕನ್ನು ರೇಸ್ ಟ್ರ್ಯಾಕಿಗೆ ಸಾಗಿಸುವಾಗಲೂ ಇದಕ್ಕಿಂತ ಸುಲಭದ ದಾರಿ ಕಾಣದು.

ಟ್ರೇಲರ್ ಎಳೆಯುವುದೆಂದರೆ ಚಾಲಕನ ಕೈಚಳಕದ ಪ್ರಶ್ನೆ ಎಂದು ಹೆಚ್ಚಿನವರು ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಬಹುಪಾಲು ತೂಕದ ಪ್ರಶ್ನೆ. ಪರವಾನಗಿಯ ನಿಯಮ, ಬ್ರೇಕು, ವೇಗದ ಮಿತಿ, ಬೈಕನ್ನು ಕಟ್ಟುವ ಕ್ರಮ, ದಾರಿಯಲ್ಲಿ ಟ್ರೇಲರ್ ತೊನೆದಾಡುವುದು ಅಥವಾ ತೊನೆದಾಡದಿರುವುದು, ಇವೆಲ್ಲವೂ ತೂಕ ಎಷ್ಟಿದೆ ಮತ್ತು ಅದು ಎಲ್ಲಿ ಕುಳಿತಿದೆ ಎಂಬುದನ್ನೇ ಅವಲಂಬಿಸಿವೆ.

ಪರವಾನಗಿಯಿಂದಲೇ ಆರಂಭಿಸೋಣ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಕಾರಿನ ಬಿ ದರ್ಜೆಯ ಪರವಾನಗಿ ಇರುವವರು 750 ಕೆ.ಜಿ.ವರೆಗಿನ ಟ್ರೇಲರನ್ನು ಎಳೆಯಬಹುದು; ಟ್ರೇಲರ್ ಅದಕ್ಕಿಂತ ಭಾರದ್ದಾದರೆ ಕಾರು ಮತ್ತು ಟ್ರೇಲರ್ ಸೇರಿ 3500 ಕೆ.ಜಿ. ಮೀರುವಂತಿಲ್ಲ. ಒಟ್ಟು ತೂಕ 4250 ಕೆ.ಜಿ.ವರೆಗೆ ಹೋಗುವುದಾದರೆ ಬಿ 96 ಎಂಬ ಸೇರ್ಪಡೆಯೂ, ಅದಕ್ಕೂ ಭಾರದ್ದಕ್ಕೆ ಬಿಇ ದರ್ಜೆಯೂ ಬೇಕಾಗುತ್ತದೆ. ಇಲ್ಲಿ ತೂಕ ಎಂದರೆ ಆ ದಿನ ತಕ್ಕಡಿಯ ಮೇಲೆ ನಿಲ್ಲಿಸಿದರೆ ಬರುವ ತೂಕವಲ್ಲ. ವಾಹನದ ದಾಖಲೆಯಲ್ಲಿ ನಮೂದಾಗಿರುವ ಗರಿಷ್ಠ ಅನುಮತಿ ತೂಕ. ಕಾರಿನ ಗರಿಷ್ಠ ಅನುಮತಿ ತೂಕ 2300 ಕೆ.ಜಿ. ಇದ್ದು, ಬಾಡಿಗೆಗೆ ತಂದ ಟ್ರೇಲರಿನದು 1300 ಕೆ.ಜಿ. ಇದ್ದರೆ, ಒಟ್ಟು 3600 ಆಗುವುದರಿಂದ ಟ್ರೇಲರ್ ಖಾಲಿಯಿದ್ದರೂ ಬಿ ದರ್ಜೆ ಸಾಲುವುದಿಲ್ಲ. ಒಂದು ಬೈಕು ಸಾಗಿಸುವುದಕ್ಕೆ ದೊಡ್ಡ ಟ್ರೇಲರೇ ಇರಲಿ, ಸುರಕ್ಷಿತ ಎಂದು ಆರಿಸಿಕೊಳ್ಳುವವರು ಅರಿಯದೆಯೇ ಕಾನೂನು ಮುರಿಯುವುದು ಹೀಗೆ. ಬ್ರಿಟನ್ನಿನಲ್ಲಿ 1997ರ ಜನವರಿಯಿಂದೀಚೆಗೆ ಕಾರಿನ ಪರೀಕ್ಷೆ ಪಾಸಾದವರಿಗೂ ಇಂಥದೇ ನಿರ್ಬಂಧವಿತ್ತು. 2021ರ ಡಿಸೆಂಬರ್ 16ರಿಂದ ಅದನ್ನು ತೆಗೆದುಹಾಕಿ, 3500 ಕೆ.ಜಿ.ವರೆಗಿನ ಟ್ರೇಲರಿಗೆ ಪ್ರತ್ಯೇಕ ಪರೀಕ್ಷೆ ಬೇಡ ಎಂದು ಮಾಡಲಾಗಿದೆ.

ಪರದೇಶಕ್ಕೆ ಹೊಸದಾಗಿ ಬಂದು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನೆಚ್ಚಿಕೊಂಡಿರುವವರು ಅದರ ಒಳಪುಟವನ್ನು ಒಮ್ಮೆ ಓದಬೇಕು. 1949ರ ಜಿನೀವಾ ಒಪ್ಪಂದದ ಮಾದರಿಯಲ್ಲಿ ಕಾರಿನ ಬಿ ದರ್ಜೆಯು 750 ಕೆ.ಜಿ.ವರೆಗಿನ ಹಗುರ ಟ್ರೇಲರನ್ನು ಮಾತ್ರ ಒಳಗೊಳ್ಳುತ್ತದೆ, ಭಾರದ ಟ್ರೇಲರಿಗೆ ಇ ದರ್ಜೆಯ ಮುದ್ರೆ ಬೇಕು. ಅಲ್ಲದೆ ಅದು ಪ್ರವಾಸಿಗರಿಗಾಗಿ ಇರುವ ಪತ್ರ. ವಾಸಕ್ಕೆ ಬಂದವರ ಊರಿನ ಪರವಾನಗಿ ಜರ್ಮನಿಯಲ್ಲಿ ಸಾಮಾನ್ಯವಾಗಿ ಆರು ತಿಂಗಳು, ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು ನಡೆಯುತ್ತದೆ. ಆಮೇಲೆ ಸ್ಥಳೀಯ ಪರವಾನಗಿಯನ್ನೇ ಪಡೆಯಬೇಕು.

ಚಾಲಕನ ಅರ್ಹತೆಯ ನಂತರ ಕಾರಿನ ಅರ್ಹತೆ ಬರುತ್ತದೆ. ಒಕ್ಕೂಟದ ದೇಶಗಳ ನೋಂದಣಿ ಪತ್ರದಲ್ಲಿ ಒ.1 ಮತ್ತು ಒ.2 ಎಂಬ ಎರಡು ಸಾಲುಗಳಿವೆ. ಮೊದಲನೆಯದು ಬ್ರೇಕ್ ಇರುವ ಟ್ರೇಲರನ್ನು ಆ ಕಾರು ಎಷ್ಟು ತೂಕದವರೆಗೆ ಎಳೆಯಬಹುದು ಎಂಬುದನ್ನೂ, ಎರಡನೆಯದು ಬ್ರೇಕ್ ಇಲ್ಲದ ಟ್ರೇಲರಿನ ಮಿತಿಯನ್ನೂ ಹೇಳುತ್ತದೆ. ಚಿಕ್ಕ ಕಾರುಗಳಲ್ಲಿ ಎರಡನೆಯ ಅಂಕಿ 750ಕ್ಕಿಂತ ಎಷ್ಟೋ ಕೆಳಗಿರುತ್ತದೆ, ಕೆಲವು ಕಾರುಗಳಿಗಂತೂ ಎಳೆಯುವ ಅನುಮತಿಯೇ ಇರುವುದಿಲ್ಲ. ಒಂದು ಬೈಕಿನ ಮಟ್ಟಿಗೆ ಇದರಿಂದ ತೊಂದರೆಯಾಗುವುದು ಅಪರೂಪ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸುಮಾರು 196 ಕೆ.ಜಿ. ತೂಗುತ್ತದೆ, ಬಿಎಂಡಬ್ಲ್ಯೂ ಆರ್ 1250 ಜಿಎಸ್ 249 ಕೆ.ಜಿ.; ಹಗುರವಾದ ಟ್ರೇಲರನ್ನು ಸೇರಿಸಿದರೂ 450 ಕೆ.ಜಿ.ಯ ಆಸುಪಾಸಿನಲ್ಲಿ ಮುಗಿಯುತ್ತದೆ. ಗೆಳೆಯನ ಬೈಕನ್ನೂ ಹತ್ತಿಸಿಕೊಂಡು, ಹೆಲ್ಮೆಟ್ಟು, ಪೆಟ್ಟಿಗೆ, ಹತ್ಯಾರಗಳನ್ನು ಜೊತೆಗಿಟ್ಟಾಗ 750ರ ಗೆರೆ ಬಹಳ ಬೇಗ ಹತ್ತಿರವಾಗುತ್ತದೆ. ಆಗ ಬ್ರೇಕ್ ಇರುವ ಟ್ರೇಲರನ್ನು ಆರಿಸಿಕೊಳ್ಳುವುದು ಲೇಸು. ಯುರೋಪಿನ ಇಂಥ ಟ್ರೇಲರುಗಳಲ್ಲಿ ಕಾರು ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಅದರ ಬ್ರೇಕು ಹಿಡಿಯುವ ಏರ್ಪಾಡು ಇರುತ್ತದೆ. ಬ್ರೇಕ್ ಇಲ್ಲದ್ದರಲ್ಲಿ ಹಿಂದಿನ ಅಷ್ಟೂ ಭಾರವನ್ನು ಕಾರಿನ ಬ್ರೇಕೇ ತಡೆಯಬೇಕು, ಹಾಗಾಗಿ ಮುಂದಿನ ವಾಹನಕ್ಕೂ ನಮಗೂ ನಡುವಿನ ಅಂತರವನ್ನು ಧಾರಾಳವಾಗಿ ಹೆಚ್ಚಿಸಿಕೊಳ್ಳಬೇಕು.

ವೇಗದ ಮಿತಿಗಳು ಗಡಿ ದಾಟಿದೊಡನೆ ಬದಲಾಗುತ್ತವೆ. ಮಿತಿಯಿಲ್ಲದ ವೇಗಕ್ಕೆ ಹೆಸರಾದ ಜರ್ಮನಿಯ ಆಟೋಬಾನ್‌ನಲ್ಲಿ ಟ್ರೇಲರ್ ಎಳೆಯುವ ಕಾರಿಗೆ ಇರುವುದು ಗಂಟೆಗೆ 80 ಕಿ.ಮೀ. ಮಾತ್ರ. ಟ್ರೇಲರಿಗೆ 100 ಕಿ.ಮೀ.ಯ ಅನುಮೋದನೆಯಿದ್ದು, ಅದರ ಟೈರುಗಳು ಆರು ವರ್ಷಕ್ಕಿಂತ ಹಳೆಯದಾಗಿರದೆ, ಕಾರಿನ ಖಾಲಿ ತೂಕಕ್ಕೂ ಟ್ರೇಲರಿನ ತೂಕಕ್ಕೂ ಇರಬೇಕಾದ ಅನುಪಾತ ಸರಿಯಿದ್ದರೆ ನೂರರಲ್ಲಿ ಹೋಗಬಹುದು. ಸ್ವಿಟ್ಜರ್ಲೆಂಡಿನಲ್ಲಿ 2021ರ ಆರಂಭದಿಂದ ಹೆದ್ದಾರಿಗಳಲ್ಲಿ 3500 ಕೆ.ಜಿ.ವರೆಗಿನ ಟ್ರೇಲರುಗಳಿಗೆ 80ರ ಬದಲು 100ಕ್ಕೆ ಅವಕಾಶ ಸಿಕ್ಕಿದೆ, ಆದರೆ ಹೆದ್ದಾರಿ ಶುಲ್ಕದ ವಿನ್ಯೆಟ್ ಅನ್ನು ಕಾರಿಗಷ್ಟೇ ಅಲ್ಲದೆ ಟ್ರೇಲರಿಗೂ ಪ್ರತ್ಯೇಕವಾಗಿ ಕೊಳ್ಳಬೇಕು. ಬ್ರಿಟನ್ನಿನಲ್ಲಿ ವಿಭಜಕವಿಲ್ಲದ ರಸ್ತೆಯಲ್ಲಿ ಗಂಟೆಗೆ 50 ಮೈಲಿ, ಮೋಟಾರ್‌ವೇಯಲ್ಲಿ 60 ಮೈಲಿ, ಮತ್ತು ಮೂರು ಅಥವಾ ಹೆಚ್ಚು ಪಥಗಳಿರುವ ಮೋಟಾರ್‌ವೇಯಲ್ಲಿ ತೀರ ಬಲಬದಿಯ ಪಥವನ್ನು ಬಳಸುವಂತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಏನನ್ನಾದರೂ ಎಳೆಯುವ ವಾಹನಕ್ಕೆ 55 ಮೈಲಿ. ನಂಬರ್ ಪ್ಲೇಟಿನ ಪದ್ಧತಿಯೂ ಹೀಗೆಯೇ ಭಿನ್ನ: ಜರ್ಮನಿಯಲ್ಲಿ ಟ್ರೇಲರಿಗೆ ತನ್ನದೇ ನೋಂದಣಿ, ಬ್ರಿಟನ್ನಿನಲ್ಲಿ ಎಳೆಯುವ ಕಾರಿನ ಸಂಖ್ಯೆ, ಫ್ರಾನ್ಸಿನಲ್ಲಿ 500 ಕೆ.ಜಿ. ಮೀರಿದರೆ ಸ್ವಂತ ನೋಂದಣಿ, ಅದರೊಳಗಿದ್ದರೆ ಕಾರಿನದೇ ಸಂಖ್ಯೆ.

ಟ್ರೇಲರನ್ನು ಸಿಕ್ಕಿಸುವ ಕೊಂಡಿಯ ಗುಂಡಿನ ವ್ಯಾಸ ಯುರೋಪಿನಲ್ಲೂ ಆಸ್ಟ್ರೇಲಿಯಾದಲ್ಲೂ 50 ಮಿ.ಮೀ., ಅಮೆರಿಕದಲ್ಲಿ ಹೆಚ್ಚಾಗಿ ಎರಡು ಇಂಚು, ಅಂದರೆ 50.8 ಮಿ.ಮೀ. ಕಣ್ಣಿಗೆ ಕಾಣದ ಈ ವ್ಯತ್ಯಾಸದಿಂದಾಗಿ ಒಂದು ಖಂಡದ ಟ್ರೇಲರನ್ನು ಇನ್ನೊಂದು ಖಂಡದ ಕಾರಿಗೆ ಸಿಕ್ಕಿಸುವ ಪ್ರಯತ್ನ ಬೇಡ. ದೀಪಗಳ ಪ್ಲಗ್ಗಿನಲ್ಲಿ ಯುರೋಪಿನಲ್ಲಿ ಏಳು ಪಿನ್ನಿನದೂ ಹದಿಮೂರು ಪಿನ್ನಿನದೂ ಇರುವುದರಿಂದ ಒಂದು ಅಡಾಪ್ಟರ್ ಕಾರಿನಲ್ಲೇ ಇದ್ದರೆ ಬಾಡಿಗೆ ಅಂಗಡಿಯ ಮುಂದೆ ಅರ್ಧ ದಿನ ಕಳೆಯಬೇಕಾಗಿಲ್ಲ.

ಬೈಕನ್ನು ಹತ್ತಿಸುವ ಕೆಲಸವನ್ನು ಒಬ್ಬರೇ ಮಾಡಬಹುದು ಎಂದು ತೋರಿಸಿಕೊಳ್ಳುವವರಿದ್ದಾರೆ. ನಾನು ಇನ್ನೊಬ್ಬರಿಲ್ಲದೆ ಕೈ ಹಾಕುವುದಿಲ್ಲ. ಟ್ರೇಲರನ್ನು ಮೊದಲು ಕಾರಿಗೆ ಸಿಕ್ಕಿಸಿ, ಕಾರಿನ ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಇಲ್ಲವಾದರೆ ಬೈಕು ಹಿಂಬದಿಯನ್ನು ಏರುತ್ತಿದ್ದಂತೆಯೇ ಟ್ರೇಲರಿನ ಮೂತಿ ಮೇಲಕ್ಕೆ ಎದ್ದುಬಿಡುತ್ತದೆ. ಬೈಕು ಏರುವ ಹಲಗೆಯನ್ನು ಟ್ರೇಲರಿಗೆ ಪಟ್ಟಿಯಿಂದ ಬಿಗಿದಿರಬೇಕು, ಏಕೆಂದರೆ ಹಿಂದಿನ ಚಕ್ರ ಎಂಜಿನ್ನಿನ ಬಲದಿಂದ ಹಲಗೆಯನ್ನು ಹಿಂದಕ್ಕೆ ತಳ್ಳುತ್ತದೆ ಮತ್ತು ಹೆಚ್ಚಿನ ಅಪಘಾತಗಳಿಗೆ ದಾರಿಯಾಗುವುದು ಆ ಕ್ಷಣದಲ್ಲೇ. ಬೈಕಿನ ಎಡಗಡೆ ನಿಂತು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅರೆಬಿಟ್ಟು, ಪಕ್ಕದ ಎರಡನೇ ಹಲಗೆಯ ಮೇಲೆ ನಡೆಯುತ್ತಾ ಏರಿಸಿದರೆ ಬೈಕು ತಾನೇ ಹತ್ತುತ್ತದೆ. ಸೀಟಿನ ಮೇಲೆ ಕುಳಿತು ಓಡಿಸಿಕೊಂಡು ಏರುವುದು ನೋಡುವುದಕ್ಕೆ ಚೆಂದ, ಆದರೆ ಮೇಲೆ ತಲುಪಿದ ಮೇಲೆ ಕಾಲು ಊರಲು ನೆಲವೇ ಇರುವುದಿಲ್ಲ.

ಕಟ್ಟುವ ಲೆಕ್ಕವೂ ತೂಕದ್ದೇ. ಹೊರೆ ಮುಂದಕ್ಕೆ ಜಾರದಂತೆ ಅದರ ತೂಕದ ಶೇಕಡ 80ರಷ್ಟು ಬಲವನ್ನೂ, ಪಕ್ಕಕ್ಕೆ ಮತ್ತು ಹಿಂದಕ್ಕೆ ಶೇಕಡ 50ರಷ್ಟು ಬಲವನ್ನೂ ತಡೆಯುವಂತಿರಬೇಕು ಎಂಬುದು ಯುರೋಪಿನ ಇಎನ್ 12195 ಮಾನದಂಡದ ತಿರುಳು. 250 ಕೆ.ಜಿ.ಯ ಬೈಕಿಗೆ ಇದು ಮುಂದಕ್ಕೆ 200 ಕೆ.ಜಿ.ಯಷ್ಟು, ಪಕ್ಕಕ್ಕೆ 125 ಕೆ.ಜಿ.ಯಷ್ಟು ಬಲವಾಗುತ್ತದೆ. ಆ ಮಾನದಂಡದ ರಾಚೆಟ್ ಪಟ್ಟಿಯ ಮೇಲೆ ಹೊಲಿದ ನೀಲಿ ಚೀಟಿಯಲ್ಲಿ ಎಲ್‌ಸಿ ಎಂಬ ಗುರುತಿನ ಮುಂದೆ ಅದರ ಸಾಮರ್ಥ್ಯ ಬರೆದಿರುತ್ತದೆ. ಚೀಟಿ ಕಿತ್ತುಹೋದ, ಅಂಚು ಹರಿದ ಪಟ್ಟಿಯನ್ನು ನಾನು ಕಸಕ್ಕೆ ಹಾಕುತ್ತೇನೆ. ಮುಂದಿನ ಚಕ್ರವನ್ನು ವೀಲ್ ಚಾಕ್‌ನಲ್ಲಿ, ಅಂದರೆ ಚಕ್ರವನ್ನು ಹಿಡಿದು ನಿಲ್ಲಿಸುವ ಚೌಕಟ್ಟಿನಲ್ಲಿ, ನೂಕಿ ನಿಲ್ಲಿಸಿ, ಮುಂದಿನ ಎರಡು ಪಟ್ಟಿಗಳನ್ನು ಫೋರ್ಕ್ ಹಿಡಿದಿರುವ ಕೆಳಗಿನ ಕ್ಲಾಂಪಿಗೆ ಮೃದುವಾದ ಬಟ್ಟೆಯ ಕುಣಿಕೆಗಳ ಮೂಲಕ ಕಟ್ಟಿ, ಮುಂದಕ್ಕೂ ಹೊರಕ್ಕೂ ಇಳಿಜಾರಾಗಿ ಎಳೆಯಬೇಕು. ಹ್ಯಾಂಡಲಿನ ತುದಿಗೆ ಕಟ್ಟಿದರೆ ಅದು ಬಾಗಬಹುದು ಅಥವಾ ತಿರುಗಬಹುದು. ಫೋರ್ಕನ್ನು ಅದರ ಚಲನೆಯ ಮೂರನೇ ಒಂದು ಭಾಗದಷ್ಟು ಅದುಮಿದರೆ ಸಾಕು. ತಳ ಮುಟ್ಟುವಂತೆ ಬಿಗಿದರೆ ರಸ್ತೆಯ ಹೊಂಡಗಳಲ್ಲಿ ಬರುವ ಪೆಟ್ಟು ನೇರವಾಗಿ ಸೀಲುಗಳ ಮೇಲೂ ಪಟ್ಟಿಗಳ ಮೇಲೂ ಬೀಳುತ್ತದೆ. ಹಿಂಬದಿಯ ಎರಡು ಪಟ್ಟಿಗಳ ಕೆಲಸ ಹಿಂದಿನ ಚಕ್ರ ಪುಟಿದು ಪಕ್ಕಕ್ಕೆ ಸರಿಯದಂತೆ ನೋಡಿಕೊಳ್ಳುವುದು. ಸೈಡ್ ಸ್ಟ್ಯಾಂಡನ್ನು ಮಡಚಿಯೇ ಇಡಬೇಕು, ಏಕೆಂದರೆ ಪಟ್ಟಿಗಳ ಎಳೆತದಿಂದ ಅದರ ಬುಡದ ಬೆಸುಗೆ ಬಿಟ್ಟುಕೊಳ್ಳುವ ಸಾಧ್ಯತೆಯಿದೆ. ಬೈಕಿಗೆ ಗವಸು ಹಾಕಿ ಹೊರಡುವವರನ್ನು ಕಂಡಾಗ ನನಗೆ ಮರುಕವಾಗುತ್ತದೆ: ಗಾಳಿಗೆ ಪಟಪಟ ಬಡಿಯುವ ಆ ಬಟ್ಟೆ ಟ್ಯಾಂಕಿನ ಬಣ್ಣವನ್ನು ಉಜ್ಜಿ ತೆಗೆಯುವಷ್ಟು ಮಳೆ ಕೂಡ ಕೆಡಿಸಲಾರದು.

ಬೈಕು ಟ್ರೇಲರಿನ ಮೇಲೆ ಎಷ್ಟು ಮುಂದೆ ನಿಂತಿದೆ ಎಂಬುದು ಎಲ್ಲಕ್ಕಿಂತ ಮುಖ್ಯವಾದುದು. ಆಕ್ಸಲಿನ ಮೇಲೆ ಟ್ರೇಲರ್ ಏತದಂತೆ ತೂಗುತ್ತದೆ. ಭಾರ ಹಿಂದೆ ಸರಿದಷ್ಟೂ ಕೊಂಡಿಯ ಮೇಲಿನ ಒತ್ತಡ ಕಡಿಮೆಯಾಗಿ, ಒಂದು ಹಂತದಲ್ಲಿ ಅದು ಕಾರಿನ ಹಿಂಬದಿಯನ್ನು ಮೇಲಕ್ಕೆತ್ತತೊಡಗುತ್ತದೆ. ಅಮೆರಿಕದಲ್ಲಿ ಟ್ರೇಲರಿನ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕೆನ್ನುತ್ತಾರೆ. ಯುರೋಪಿನ ಕಾರುಗಳಲ್ಲಿ ಕೊಂಡಿಯ ಮಿತಿಯೇ ಸಾಮಾನ್ಯವಾಗಿ 50ರಿಂದ 100 ಕೆ.ಜಿ.ಯ ನಡುವೆ ಇರುತ್ತದೆ, ಆ ಮಿತಿಯನ್ನು ದಾಟದೆ ಅದಕ್ಕೆ ಸಮೀಪವಾಗಿ ಇಟ್ಟುಕೊಳ್ಳುವುದು ಉತ್ತಮ. ಟ್ರೇಲರಿನ ಮೂತಿಯ ಕೆಳಗೆ ಒಂದು ಮರದ ತುಂಡನ್ನೂ ಅದರಡಿಗೆ ಸ್ನಾನದ ಮನೆಯ ತೂಕದ ಯಂತ್ರವನ್ನೂ ಇಟ್ಟರೆ ಅಂಕಿ ತಿಳಿದುಬಿಡುತ್ತದೆ.

ಈ ಅಂಕಿ ತೀರ ಕಡಿಮೆಯಾದಾಗ ಟ್ರೇಲರ್ ಎಡಬಲಕ್ಕೆ ತೊನೆದಾಡುತ್ತದೆ. ಕಡಿಮೆ ವೇಗದಲ್ಲಿ ತೊನೆತ ತಾನಾಗಿ ಅಡಗುತ್ತದೆ. ವೇಗ ಹೆಚ್ಚಿದಂತೆ ಅದು ಅಡಗಲು ತೆಗೆದುಕೊಳ್ಳುವ ಸಮಯ ಹೆಚ್ಚಿ, ಒಂದು ವೇಗವನ್ನು ಮೀರಿದ ಮೇಲೆ ಪ್ರತಿ ತೊನೆತವೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಹೋಗುತ್ತದೆ. ದೊಡ್ಡ ಲಾರಿ ಪಕ್ಕದಲ್ಲಿ ದಾಟಿದಾಗ ತಳ್ಳುವ ಗಾಳಿ, ಸೇತುವೆಯ ಮೇಲಿನ ಅಡ್ಡಗಾಳಿ, ಇಳಿಜಾರು, ಇವು ಅದನ್ನು ಆರಂಭಿಸಬಲ್ಲವು. ಆಗ ಸ್ಟಿಯರಿಂಗ್ ತಿರುಗಿಸಿ ಸರಿಪಡಿಸಲು ಹೋಗುವುದೂ, ಜೋರಾಗಿ ಬ್ರೇಕ್ ಒತ್ತುವುದೂ, ವೇಗ ಹೆಚ್ಚಿಸಿ ಟ್ರೇಲರನ್ನು ನೇರಗೊಳಿಸುತ್ತೇನೆ ಎನ್ನುವುದೂ ಅಪಾಯವನ್ನು ಹೆಚ್ಚಿಸುತ್ತವೆ. ಸ್ಟಿಯರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ಇಳಿಯುವವರೆಗೆ ಕಾಯಬೇಕು. ವೇಗದ ಮಿತಿ ಎಂಬತ್ತೇ ಏಕೆ ಎಂದು ಗೊಣಗುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಹೊರಟು ಇಪ್ಪತ್ತು ಮೂವತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಂತು ಪಟ್ಟಿಗಳನ್ನು ಮತ್ತೆ ಬಿಗಿಯಬೇಕು, ಏಕೆಂದರೆ ಬೈಕು ಅಷ್ಟರಲ್ಲಿ ತನ್ನ ಜಾಗದಲ್ಲಿ ಕೂತು ಪಟ್ಟಿ ಸಡಿಲವಾಗಿರುತ್ತದೆ. ಅದೇ ಹೊತ್ತಿಗೆ ಟ್ರೇಲರಿನ ಚಕ್ರದ ನಡುಭಾಗದ ಹತ್ತಿರ ಕೈ ಹಿಡಿದು ನೋಡಿದರೆ ಬೇರಿಂಗು ಬಿಸಿಯಾಗುತ್ತಿದೆಯೇ ಎಂಬುದೂ ತಿಳಿಯುತ್ತದೆ; ಚಿಕ್ಕ ಚಕ್ರಗಳು ಕಾರಿನ ಚಕ್ರಗಳಿಗಿಂತ ಹೆಚ್ಚು ಸುತ್ತು ತಿರುಗುವುದರಿಂದ ಬೇರಿಂಗುಗಳ ಮೇಲಿನ ಶ್ರಮವೂ ಹೆಚ್ಚು. ಹಿಮ್ಮುಖವಾಗಿ ಚಲಿಸುವಾಗ ಉದ್ದದ ಟ್ರೇಲರಿಗಿಂತ ಚಿಕ್ಕದೇ ಹೆಚ್ಚು ಕಾಡುತ್ತದೆ, ಅದು ಕ್ಷಣಾರ್ಧದಲ್ಲಿ ಮಡಚಿಕೊಳ್ಳುತ್ತದೆ. ಕೈಯನ್ನು ಸ್ಟಿಯರಿಂಗಿನ ಕೆಳಭಾಗದಲ್ಲಿಟ್ಟರೆ, ಕೈ ಸರಿದ ಕಡೆಗೇ ಟ್ರೇಲರಿನ ಹಿಂಬದಿಯೂ ಸರಿಯುತ್ತದೆ. ಒಂಟಿ ಬೈಕಿನ ಟ್ರೇಲರಾದರೆ ಕೊಂಡಿ ಬಿಡಿಸಿ ಕೈಯಿಂದ ತಳ್ಳಿಕೊಂಡು ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ, ನಾನು ಇಕ್ಕಟ್ಟಾದ ಕಡೆ ಅದನ್ನೇ ಮಾಡುತ್ತೇನೆ.

ವಿಮೆಯ ವಿಷಯದಲ್ಲಿ, ಟ್ರೇಲರಿನ ಮೇಲಿರುವಷ್ಟು ಹೊತ್ತು ಬೈಕು ವಾಹನವಾಗಿರದೆ ಸರಕಾಗಿರುತ್ತದೆ ಎಂಬುದನ್ನು ನೆನಪಿಡಬೇಕು. ಕಾರಿನ ವಿಮೆ ಅದಕ್ಕೆ ಅನ್ವಯಿಸುತ್ತದೆಯೇ, ಬೈಕಿನ ವಿಮೆ ಸಾಗಣೆಯ ಹಾನಿಯನ್ನು ಭರಿಸುತ್ತದೆಯೇ, ಬಾಡಿಗೆ ಒಪ್ಪಂದ ದೇಶದ ಗಡಿ ದಾಟಲು ಬಿಡುತ್ತದೆಯೇ ಎಂಬ ಮೂರನ್ನೂ ಹೊರಡುವ ಮುನ್ನ ಬರವಣಿಗೆಯಲ್ಲಿ ಕೇಳಿ ಪಡೆದಿರುವುದು ಒಳ್ಳೆಯದು. ಭಾಷೆ ಪೂರ್ತಿ ಒಗ್ಗದ ದೇಶದಲ್ಲಿ ಫೋನಿನ ಮಾತಿಗಿಂತ ಇಮೇಲಿನ ಉತ್ತರವೇ ಕೈಹಿಡಿಯುತ್ತದೆ. ಬೈಕಿನ ನೋಂದಣಿ ಪತ್ರವನ್ನೂ ಜೊತೆಗಿಟ್ಟುಕೊಂಡಿದ್ದರೆ ಗಡಿಯಲ್ಲಿ ತಡೆದು ಇದು ಯಾರದು ಎಂದು ಕೇಳಿದವರಿಗೆ ತೋರಿಸಬಹುದು. ರಾತ್ರಿ ತಂಗುವಲ್ಲಿ ಕೊಂಡಿಗೆ ಒಂದು ಬೀಗ, ಬೈಕಿನ ಚಕ್ರವನ್ನು ಟ್ರೇಲರಿನ ಚೌಕಟ್ಟಿಗೆ ಸೇರಿಸಿ ಇನ್ನೊಂದು ಸರಪಳಿ ಇರಲೇಬೇಕು, ಏಕೆಂದರೆ ಕಳ್ಳನ ದೃಷ್ಟಿಯಲ್ಲಿ ಅದು ಆಗಲೇ ಸಾಗಣೆಗೆ ಸಿದ್ಧವಾಗಿ ನಿಂತಿರುವ ಬೈಕು.

ಇಳಿಸುವಾಗ ಸಮತಟ್ಟಾದ ಜಾಗವನ್ನು ಹುಡುಕಿ, ಟ್ರೇಲರನ್ನು ಕಾರಿನಿಂದ ಬಿಡಿಸದೆ, ಹಿಂದಿನ ಪಟ್ಟಿಗಳನ್ನು ಮೊದಲು ತೆಗೆಯಬೇಕು. ಮುಂದಿನ ಪಟ್ಟಿಗಳನ್ನು ಬಿಚ್ಚುವ ಮೊದಲೇ ಒಬ್ಬರು ಬೈಕನ್ನು ಹಿಡಿದುಕೊಂಡಿರಬೇಕು, ಏಕೆಂದರೆ ಒಂದು ಬದಿಯ ಪಟ್ಟಿ ಸಡಿಲಿದೊಡನೆ ಅದುಮಿಟ್ಟ ಫೋರ್ಕ್ ಚಿಮ್ಮಿ ಬೈಕನ್ನು ಇನ್ನೊಂದು ಬದಿಗೆ ವಾಲಿಸುತ್ತದೆ. ಎಂಜಿನ್ ಆರಿಸಿ, ಮೊದಲ ಗೇರಿನಲ್ಲೇ ಇಟ್ಟು, ಕ್ಲಚ್ಚನ್ನು ಸ್ವಲ್ಪಸ್ವಲ್ಪವೇ ಒತ್ತಿ ಬಿಡುತ್ತಾ ಹಿಂದಕ್ಕೆ ಇಳಿಸಿದರೆ ಹಿಂದಿನ ಚಕ್ರವೇ ಬ್ರೇಕಿನಂತೆ ತಡೆಯುತ್ತದೆ. ಇಳಿಜಾರಿನಲ್ಲಿ ಹಿಂದಕ್ಕೆ ಜಾರುವ ಬೈಕನ್ನು ಮುಂದಿನ ಬ್ರೇಕೊಂದರಿಂದ ನಿಲ್ಲಿಸಲು ಹೋದರೆ, ಭಾರವೆಲ್ಲ ಹಿಂದಿನ ಚಕ್ರದ ಮೇಲಿರುವುದರಿಂದ, ಹಿಡಿದುಕೊಂಡ ಮುಂದಿನ ಚಕ್ರ ಹಲಗೆಯ ಮೇಲೆಯೇ ಜಾರಿಬಿಡುತ್ತದೆ.