ಟಾರ್ಟನ್ ಬೇಡ ಅಂದರೆ ಕಿಲ್ಟ್‌ಗೆ ಎಂಥ ಉಣ್ಣೆ?

ಕಿಲ್ಟ್ (ಸ್ಕಾಟ್ ಗಂಡಸರು ಸೊಂಟಕ್ಕೆ ಸುತ್ತಿ ಉಡೋ, ಮಂಡಿವರೆಗಿನ ನೆರಿಗೆ ಉಡುಪು) ಟಾರ್ಟನ್ನಿನದೇ, ಅಂದರೆ ಮನೆತನಕ್ಕೊಂದರಂತೆ ಇರೋ ಬಣ್ಣದ ಚೌಕುಳಿ ಬಟ್ಟೆಯದೇ ಆಗಬೇಕು ಅಂತ ಇಲ್ಲಿ ಸ್ಕಾಟ್ಲೆಂಡಿನಲ್ಲೂ ತುಂಬ ಜನ ನಂಬಿದ್ದಾರೆ. ಹಾಗೇನಿಲ್ಲ. 1859ರಲ್ಲಿ ಲಂಡನ್ ಸ್ಕಾಟಿಷ್ ಪಡೆ ಶುರುವಾದಾಗ ಅದರ ಮುಖ್ಯಸ್ಥ ಲಾರ್ಡ್ ಎಲ್ಕೋ ಯಾವ ಕುಲದ ಟಾರ್ಟನ್ನೂ ಬೇಡ ಅಂದ. ಹಾಡನ್ ಗ್ರೇ ಅನ್ನೋ ಕಂದು ಬೆರೆತ ಬೂದು ಉಣ್ಣೆ ಆರಿಸಿದ. ಬೇಟೆಗಾರ ಕಣ್ಣಿಗೆ ಬೀಳದ ಬಣ್ಣ ಹಾಕ್ತಾನೆ, ಸೈನಿಕನೂ ಹಾಗೇ ಹಾಕಬೇಕು ಅನ್ನೋದು ಅವನ ವಾದ. ಬ್ರಿಟಿಷ್ ಸೈನ್ಯದ ಐರಿಷ್ ಗಾರ್ಡ್ಸ್ ಪಡೆಯಲ್ಲಿ ಬ್ಯಾಗ್‌ಪೈಪ್ ಊದುವವರು ಇವತ್ತಿಗೂ ಒಂದೇ ಬಣ್ಣದ ಕೇಸರಿ ಕಿಲ್ಟ್ ಉಡುತ್ತಾರೆ. ಎಡಿನ್‌ಬರ್ಗ್‌ನ ಹೋವಿ ನಿಕೋಲ್ಸ್ಬಿ ಟ್ವೀಡ್, ಪಿನ್‌ಸ್ಟ್ರೈಪ್, ಡೆನಿಮ್‌ಗಳಲ್ಲೆಲ್ಲ ಕಿಲ್ಟ್ ಹೊಲಿದು ಹೆಸರಾದವರು. ಆದ್ದರಿಂದ "ಬೇರೆ ಬಟ್ಟೆ ಹಾಕಬಹುದಾ" ಅಂತ ಹೆದರಬೇಕಿಲ್ಲ. ಯಾವ ಬಟ್ಟೆ ಅನ್ನೋದರಲ್ಲಿ ಮಾತ್ರ ತುಂಬ ಯೋಚನೆ ಬೇಕು.

ನಾನಿರೋದು ಗಾಲಾಶೀಲ್ಸ್‌ನಲ್ಲಿ. ಉಣ್ಣೆ ಮಿಲ್ಲುಗಳಿಂದಲೇ ಬೆಳೆದ ಊರು. ಜವಳಿ ಕಲಿಸೋ ಕಾಲೇಜೂ ಇಲ್ಲೇ ಇದೆ. ಅಲ್ಲಿ ಓದ್ತಿರೋ ತುಮಕೂರಿನ ಹುಡುಗನೊಬ್ಬ ಭಾನುವಾರ ಊಟಕ್ಕೆ ಬಂದಾಗ ಕೇಳಿದ: "ಅಕ್ಕ, ಗ್ರ್ಯಾಜುಯೇಷನ್‌ಗೆ ನಂಗೊಂದು ಕಿಲ್ಟ್ ಹೊಲ್ಕೊಡ್ತೀರಾ? ಆದ್ರೆ ಯಾರದೋ ಮನೆತನದ ಟಾರ್ಟನ್ ನಂಗ್ಯಾಕೆ. ಸೂಟ್ ಬಟ್ಟೇಲಿ ಆಗಲ್ವಾ?" ಆಗುತ್ತೆ ಅಂದೆ. ಆಮೇಲೆ ಅವನ ಮುಂದೆ ತುಂಡು ಬಟ್ಟೆಗಳ ರಾಶಿ ಸುರಿದೆ. ಅವನು ಮೊದಲು ನೋಡಿದ್ದು ಬಣ್ಣ. ಎಲ್ಲರೂ ಅದನ್ನೇ ನೋಡ್ತಾರೆ. ನನ್ನ ಪ್ರಕಾರ ಬಣ್ಣ ನೋಡೋದು ಕೊನೆಗೆ. ಆ ಬಟ್ಟೆ ನೆರಿಗೆ ಹಿಡಿಯುತ್ತಾ ಅನ್ನೋದೇ ಮೊದಲ ಪ್ರಶ್ನೆ.

ಮಾಮೂಲಿ ಕಿಲ್ಟ್ ಬಟ್ಟೆ ವರ್ಸ್ಟೆಡ್ ಉಣ್ಣೆಯದು. ಉದ್ದ ಎಳೆಗಳನ್ನು ಬಾಚಿ, ಒಂದೇ ದಿಕ್ಕಿಗೆ ಕೂರಿಸಿ, ಬಿಗಿಯಾಗಿ ನೂತದ್ದು. ಟ್ವಿಲ್ ನೇಯ್ಗೆ, ಅಂದರೆ ಮೇಲೆ ಓರೆ ಗೆರೆ ಕಾಣೋ ನೇಯ್ಗೆ. ಗಜಕ್ಕೆ 13 ಔನ್ಸ್ ಅಂದರೆ ಮಧ್ಯಮ, 16 ಅಂದರೆ ಭಾರ. ಅಗಲ ಪನ್ನದ ಬಟ್ಟೆ 4 ಗಜ ತಂದು ಉದ್ದಕ್ಕೆ ಸೀಳಿ, ಎರಡೂ ಪಟ್ಟಿ ಜೋಡಿಸಿದರೆ 8 ಗಜ. 16 ಔನ್ಸಿನದಾದರೆ ಬಟ್ಟೆಯೇ ಹೆಚ್ಚು ಕಡಿಮೆ 1.8 ಕೆ.ಜಿ. ಈ ತೂಕ ಬೇಕೇ ಬೇಕು. ನಡೆಯುವಾಗ ನೆರಿಗೆ ಬೀಸಿ, ಮತ್ತೆ ತನ್ನ ಜಾಗಕ್ಕೆ ಬಂದು ಕೂರೋದು ಇದರಿಂದಲೇ. ಇಲ್ಲಿನ ಗಾಳಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗಿನ ಸೂಟ್ ಬಟ್ಟೆಗಳು ಹೆಚ್ಚಿನವು 8ರಿಂದ 10 ಔನ್ಸ್. ಕೈಗೆ ನಯವಾಗಿರುತ್ತವೆ, ಆದರೆ ತೆಳು ಸಿಂಥೆಟಿಕ್ ಸೀರೆಯ ನೆರಿಗೆ ಹಾಗೆ ಜಾರುತ್ತಾ ಹೋಗುತ್ತವೆ. 13ಕ್ಕಿಂತ ಕೆಳಗಿನ ಸೂಟ್ ಬಟ್ಟೆಯನ್ನು ಕಿಲ್ಟ್‌ಗೆ ಅಂತ ನಾನು ಕೊಳ್ಳೋದಿಲ್ಲ.

ಪರೀಕ್ಷೆ ಸುಲಭ. ಅಂಗಡಿಯಿಂದ ಅಂಗೈಯಗಲದ ತುಂಡು ತರಿಸಿಕೊಳ್ಳಿ. ಒಂದು ಇಂಚಿನ ಮಡಿಕೆ ಹಾಕಿ, ಮೇಲೆ ಒದ್ದೆ ಬಟ್ಟೆ ಹಾಸಿ, ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿಯಿರಿ. ತಿಕ್ಕಬೇಡಿ, ಸುಮ್ನೆ ಒತ್ತಿ. ಹಬೆ ಹೋಗಿ ತಣ್ಣಗಾಗೋ ತನಕ ಮೇಲೊಂದು ಮರದ ಹಲಗೆ ಇಡಿ. ರಾತ್ರಿಯಿಡೀ ನೇತುಹಾಕಿ ಬೆಳಿಗ್ಗೆ ನೋಡಿ. ಮಡಿಕೆಯ ಏಣು ಉಗುರಿಗೆ ಚುರುಕಾಗಿ ತಾಗಬೇಕು. ದುಂಡಗಾಗಿದ್ದರೆ ಅದು ಚೂಪು ನೆರಿಗೆಯ ಬಟ್ಟೆ ಅಲ್ಲ. ಆಮೇಲೆ ಅಂಚಿಂದ ಒಂದು ಎಳೆ ಕಿತ್ತು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗೋ ಬೂದಿ. ಗಟ್ಟಿ ಮಣಿಯ ಹಾಗೆ ಉಳಿದರೆ ಪಾಲಿಯೆಸ್ಟರ್ ಸೇರಿದೆ.

ಟ್ವೀಡ್ ವಿಷಯಕ್ಕೆ ಬರೋಣ. ನಂಗೆ ತುಂಬ ಇಷ್ಟವಾದ ಬಟ್ಟೆ. ಹ್ಯಾರಿಸ್ ಟ್ವೀಡ್‌ಗಂತೂ 1993ರಿಂದ ಪಾರ್ಲಿಮೆಂಟಿನ ಕಾನೂನೇ ಇದೆ: ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಬಣ್ಣ ಹಾಕಿ ನೂತ ಉಣ್ಣೆ, ಅಲ್ಲಿನವರು ತಮ್ಮ ಮನೆಗಳಲ್ಲೇ ನೇಯಬೇಕು. ಒಂದೊಂದು ಎಳೆಯಲ್ಲೂ ನಾಲ್ಕೈದು ಬಣ್ಣ ಬೆರೆತಿರುತ್ತೆ. ದೂರದಿಂದ ಹಸಿರು ಅನ್ನಿಸೋದು ಹತ್ತಿರ ಹಿಡಿದರೆ ಹಳದಿ, ನೀಲಿ, ಕಿತ್ತಳೆ. ಆದರೆ ಇದು ವರ್ಸ್ಟೆಡ್ ಅಲ್ಲ. ಎಳೆಗಳು ಅಡ್ಡಾದಿಡ್ಡಿ ಸಿಕ್ಕಿಕೊಂಡಿರೋ, ಗಾಳಿ ತುಂಬಿದ ನೂಲು. ಹಾಗಾಗಿ ದಪ್ಪ.

ದಪ್ಪದ ಲೆಕ್ಕ ಹಾಕಿ ನೋಡಿ. ಹಿಂದೆ ಕಾಣೋ ಒಂದೊಂದು ನೆರಿಗೆ ಮುಕ್ಕಾಲು ಇಂಚು, ಅದಕ್ಕೆ ಹಿಡಿಯೋ ಬಟ್ಟೆ 6 ಇಂಚು ಅಂತಿಟ್ಟುಕೊಳ್ಳಿ. ಆಗ ಹಿಂಬದಿಯಲ್ಲಿ ಎಲ್ಲಿ ಮುಟ್ಟಿದರೂ 8 ಪದರ. ಒಂದೂವರೆ ಮಿಲಿಮೀಟರ್ ದಪ್ಪದ ಟ್ವೀಡ್ ಆದರೆ 12 ಮಿಲಿಮೀಟರ್! ಸೊಂಟದ ಹತ್ತಿರ ಒಳಗಿನ ಬಟ್ಟೆ ಕತ್ತರಿಸಿ ಹಗುರ ಮಾಡಿದರೂ ಅದು ಉಬ್ಬೇ ಕಾಣುತ್ತೆ. ಅದಕ್ಕೇ ಟ್ವೀಡ್‌ಗೆ ಬಾಕ್ಸ್ ನೆರಿಗೆ (ಎರಡೂ ಬದಿ ಹಿಂದಕ್ಕೆ ಮಡಿಚಿದ ಅಗಲ ನೆರಿಗೆ) ಸರಿ. ಅಲ್ಲಿ ಎಲ್ಲೂ 3 ಪದರಕ್ಕಿಂತ ಜಾಸ್ತಿ ಇಲ್ಲ, 4 ಗಜದ ಪಟ್ಟಿ ಸಾಕು. 1790ರ ದಶಕದಲ್ಲಿ ಸೈನ್ಯಕ್ಕೆ ಹೊಲಿದ ಕಿಲ್ಟ್‌ಗಳೂ ಹೀಗೇ ಕಡಿಮೆ ಬಟ್ಟೆಯ, ಅಗಲ ನೆರಿಗೆಯವು. ನೆರಿಗೆ ಹೇಗಿರಬೇಕು ಅಂತ ಬಟ್ಟೆಯೇ ಹೇಳಲಿ, ನಾವು ಅದರ ಮೇಲೆ ಹೇರೋದು ಬೇಡ.

ಹೊಸಬರ ಗಮನಕ್ಕೆ ಬಾರದ್ದು ಇನ್ನೊಂದಿದೆ, ಅದು ಅಂಚು. ಕಿಲ್ಟ್‌ನ ಕೆಳಗೆ ಮಡಿಚಿ ಹೊಲಿಯೋದಿಲ್ಲ. ಮಗ್ಗದಲ್ಲೇ ಮುಗಿದ ಅಂಚು ಮಂಡಿಯ ಹತ್ತಿರ ಹಾಗೇ ಬರುತ್ತೆ. ಮಡಿಚಿದರೆ ಪ್ರತಿ ಪದರವೂ ಎರಡಾಗಿ ಕೆಳಗಡೆ ನೆರಿಗೆ ಬಿರಿಯುತ್ತದೆ. ಸೂಟ್ ಬಟ್ಟೆಗಳಲ್ಲಿ ಅಂಚಿಗೆ ಮಿಲ್ಲಿನ ಹೆಸರೋ, ಸೂಜಿ ಚುಚ್ಚಿದ ತೂತುಗಳ ಸಾಲೋ ಇರುತ್ತೆ. ತುಂಡು ತರಿಸುವಾಗ "ಅಂಚು ಸೇರಿಸಿ ಕಳಿಸಿ" ಅಂತ ಕೇಳಿ. ಮಿಲಿಟರಿ ಕೋಟಿನ ಮೆಲ್ಟನ್ ಬಟ್ಟೆಗೆ ಈ ತೊಂದರೆ ಇಲ್ಲ. ಅದನ್ನು ಗಟ್ಟಿಯಾಗಿ ಕುಗ್ಗಿಸಿರುತ್ತಾರೆ, ಕತ್ತರಿಸಿದರೂ ಎಳೆ ಬಿಡೋದಿಲ್ಲ. ತುಂಬ ಬೆಚ್ಚಗೆ ಕೂಡ. ಆದರೆ ಅದಕ್ಕೂ ಬಾಕ್ಸ್ ನೆರಿಗೆಯೇ.

ಪನ್ನ ಸೀಳುವಾಗ ಎರಡೂ ಪಟ್ಟಿಯ ಒಳ್ಳೆ ಅಂಚು ಕೆಳಗೆ ಬರಬೇಕು ಅಂದರೆ ಒಂದು ಪಟ್ಟಿ ತಲೆಕೆಳಗಾಗುತ್ತೆ. ಟ್ವಿಲ್‌ನ ಓರೆ ಗೆರೆ ತಿರುಗಿಸಿದರೂ ಅದೇ ದಿಕ್ಕಿಗೆ ಇರುತ್ತೆ, ಆದ್ದರಿಂದ ಸಾದಾ ಟ್ವಿಲ್‌ಗೆ ಚಿಂತೆಯಿಲ್ಲ. ಮೇಲೆ ಜುಂಗು ಇರೋ ಫ್ಲಾನೆಲ್ ಆದರೆ ಒಂದರ್ಧ ಕಪ್ಪಗೆ, ಒಂದರ್ಧ ಬೆಳ್ಳಗೆ ಕಾಣುತ್ತೆ. ಎರಡು ತುಂಡುಗಳನ್ನು ಒಂದು ನೆಟ್ಟಗೆ, ಒಂದು ತಿರುಗಿಸಿ, ಕಿಟಕಿಯ ಬೆಳಕಿಗೆ ಪಕ್ಕಪಕ್ಕ ಹಿಡಿದರೆ ತಕ್ಷಣ ಗೊತ್ತಾಗುತ್ತೆ.

ಊರಿಗೆ ಫೋನ್ ಮಾಡಿದಾಗೆಲ್ಲ ಕೇಳ್ತಾರೆ, ನಮ್ಮ ಕಂಬಳಿಯಲ್ಲಿ ಯಾಕೆ ಹೊಲಿಯಲ್ಲ ಅಂತ. ಚಳ್ಳಕೆರೆ ಕಡೆಯ ಕರಿ ಕಂಬಳಿ ನಮ್ಮನೆ ಸೋಫಾ ಮೇಲೆ ಇದೆ. ಡೆಕ್ಕನಿ ಕುರಿಯ ಉಣ್ಣೆ, ಬಣ್ಣ ಹಾಕಿದ್ದಲ್ಲ, ಕುರಿಯದೇ ಕಪ್ಪು. ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದದ್ದು. ಮಳೆ, ಚಳಿ ಎರಡಕ್ಕೂ ಅದಕ್ಕೆ ಸಾಟಿಯಿಲ್ಲ. ಆದರೆ ಎಳೆ ಒರಟು, ಮಡಿಕೆ ನಿಲ್ಲೋದಿಲ್ಲ. ಬರಿ ಮಂಡಿಗೆ ಉಜ್ಜಿದರೆ ಚುಚ್ಚುತ್ತೆ. ಅದು ಹೆಗಲ ಮೇಲಿರಲಿ, ಅಲ್ವಾ?

ಕೊನೆಗೆ ಹುಡುಗ ಆರಿಸಿದ್ದು ಇದ್ದಿಲು ಬಣ್ಣದ ವರ್ಸ್ಟೆಡ್ ಹೆರಿಂಗ್‌ಬೋನ್, 14 ಔನ್ಸ್. ಅಂಚು ಶುಭ್ರವಾಗಿದೆ, ಇಸ್ತ್ರಿ ಪರೀಕ್ಷೆಯೂ ಪಾಸು. ಎದುರುಬದುರು ಓರೆಗಳ ನಡುವೆ ಉದ್ದಕ್ಕೆ ಒಂದು ಗೆರೆ ಇಳಿಯುತ್ತಲ್ಲ, ನೆರಿಗೆಯ ಏಣನ್ನು ಆ ಗೆರೆಯ ಮೇಲೇ ಕೂರಿಸಬಹುದು. ಸಾದಾ ಬಟ್ಟೆಯಲ್ಲಿ ಚಾಕ್ ಹಿಡಿದು ಅಳೆಯೋ ಅರ್ಧ ಕೆಲಸ ಅಲ್ಲೇ ಮುಗಿಯಿತು. ಟಾರ್ಟನ್ ಚೌಕದ ಅಳತೆಗೆ ಕಟ್ಟುಬೀಳಬೇಕಿಲ್ಲ, ಹಾಗಾಗಿ ಒಳಗಿನ ಆಳ 8 ಪದರದ ಬದಲು 6 ಪದರಕ್ಕೆ ಇಳಿಸ್ತೀನಿ. ಅವನು ತೆಳ್ಳಗಿದ್ದಾನೆ, ಅಗಲ ಪನ್ನದ್ದು 3 ಗಜ ಸಾಕಾಗುತ್ತೆ. "ಮುಕ್ಕಾಲು ಗಜ ಜಾಸ್ತಿ ತರಿಸು, ಅದೇ ಬಟ್ಟೇಲಿ ವೇಸ್ಟ್‌ಕೋಟ್ ಆಗುತ್ತೆ" ಅಂದೆ. ನಿನ್ನೆ ಆರ್ಡರ್ ಹಾಕಿದ್ದಾನೆ.