ಹಗ್ಗ, ಇಟ್ಟಿಗೆ ಇಟ್ಟುಕೊಂಡು ಮಾಡಿದರೆ ಅದು ಆಸನವೇ?

ಗೋಡೆಯ ಕೊಕ್ಕೆಗಳಿಂದ ಇಳಿಬಿದ್ದ ಹಗ್ಗಗಳು, ಪಕ್ಕದಲ್ಲಿ ಮರದ ಇಟ್ಟಿಗೆ, ಬೆಲ್ಟು, ಕಂಬಳಿ, ಮಡಿಸುವ ಕುರ್ಚಿ. ಯೋಗದ ಕೋಣೆಯಲ್ಲಿ ಇದನ್ನೆಲ್ಲ ಕಂಡವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ಇದೆಲ್ಲ ಹೊಸದಾಗಿ ಕಲಿಯುವವರಿಗೆ, ಇಲ್ಲ ವಯಸ್ಸಾದವರಿಗೆ ಅಲ್ವಾ? ನೀವು ಇಷ್ಟು ವರ್ಷದಿಂದ ಮಾಡ್ತಿದ್ದೀರಲ್ಲ, ನಿಮಗಿನ್ನೂ ಯಾಕೆ?” ಕೆಲವರು ಇನ್ನೂ ನೇರವಾಗಿ ಕೇಳುತ್ತಾರೆ: “ಆಸರೆ ಇಟ್ಕೊಂಡು ಮಾಡಿದ್ರೆ ಅದು ಆಸನ ಮಾಡಿದ ಹಾಗಾಯ್ತಾ?”

ಆಯ್ತು. ಅಭ್ಯಾಸ ಹಳತಾದಷ್ಟೂ ಹಗ್ಗ ಹೆಚ್ಚು ಕಲಿಸುತ್ತದೆ ಎಂದೇ ನಾನು ಹೇಳುತ್ತೇನೆ. ಯಾಕೆ ಎಂದು ವಿವರಿಸಲು ಎಲ್ಲರಿಗೂ ಗೊತ್ತಿರುವ ಅಧೋಮುಖ ಶ್ವಾನಾಸನವನ್ನೇ ತೆಗೆದುಕೊಳ್ಳುತ್ತೇನೆ: ಅಂಗೈ, ಪಾದ ನೆಲಕ್ಕೆ ಊರಿ ಸೊಂಟವನ್ನು ಮೇಲೆತ್ತಿ ನಿಲ್ಲುವ ಆಸನ.

ಹಗ್ಗವಿಲ್ಲದೆ ಈ ಆಸನಕ್ಕೆ ಹೋದರೆ ಒಂದು ನಿಮಿಷದೊಳಗೆ ಹಲವರಿಗೆ ಮಣಿಕಟ್ಟು ನೋಯತೊಡಗುತ್ತದೆ, ಭುಜ ಕಿವಿಯ ಕಡೆ ಏರುತ್ತದೆ, ತೋಳು ನಡುಗುತ್ತದೆ. ಗಮನವೆಲ್ಲ ಆ ತೋಳಿನಲ್ಲೇ. ಸೊಂಟ ಏನು ಮಾಡುತ್ತಿದೆ, ಬೆನ್ನು ಎಲ್ಲಿ ಗೂನಾಗಿದೆ ಎಂದು ನೋಡಲು ಪುರುಸೊತ್ತೇ ಇಲ್ಲ. ಈಗ ಅದೇ ಆಸನವನ್ನು ಹಗ್ಗದಲ್ಲಿ ಮಾಡೋಣ. ಸೊಂಟದ ಎತ್ತರದ ಎರಡು ಕೊಕ್ಕೆಗಳಿಗೆ ಹಗ್ಗದ ಎರಡು ತುದಿ ಸಿಕ್ಕಿಸಿ, ಗೋಡೆಗೆ ಬೆನ್ನು ಮಾಡಿ ಹಗ್ಗದೊಳಗೆ ನಿಲ್ಲಬೇಕು. ಹಗ್ಗ ಕೂರಬೇಕಾದ್ದು ತೊಡೆಸಂದಿನ ಮಡಿಕೆಯಲ್ಲಿ. ಹೊಟ್ಟೆಗೆ ಏರಿದರೆ ಉಸಿರಾಡಲು ಬಿಡುವುದಿಲ್ಲ, ತೊಡೆಯ ನಡುವಿಗೆ ಜಾರಿದರೆ ಮಂಡಿಯನ್ನು ಹಿಂದಕ್ಕೆ ಒತ್ತುತ್ತದೆ. ಒರಟು ಹಗ್ಗವಾದರೆ ಆ ಜಾಗಕ್ಕೆ ಮಡಿಸಿದ ಕಂಬಳಿ ಇಟ್ಟುಕೊಳ್ಳುವುದು ಒಳ್ಳೆಯದು. ಹಗ್ಗ ಬಿಗಿಯಾಗುವವರೆಗೆ ಮುಂದೆ ನಡೆದು, ಸೊಂಟದಿಂದ ಬಾಗಿ ಅಂಗೈ ನೆಲಕ್ಕೆ ಊರಿ, ಆಮೇಲೆ ಪಾದಗಳನ್ನು ಒಂದೊಂದಾಗಿ ಹಿಂದೆ ತಂದು ಹಿಮ್ಮಡಿಯನ್ನು ಗೋಡೆಗೆ ತಾಗಿಸಬೇಕು.

ಈಗ ತೊಡೆಯ ಮೂಳೆಗಳನ್ನು ಹಗ್ಗ ಹಿಂದಕ್ಕೆ ಹಿಡಿದಿದೆ, ಮುಂಡ ಮುಂದಕ್ಕೆ ಕೆಳಕ್ಕೆ ಇಳಿಬಿದ್ದಿದೆ. ನಡುವೆ ಇರುವ ಬೆನ್ನುಮೂಳೆ ಎರಡೂ ಕಡೆಗೆ ಎಳೆದುಕೊಳ್ಳುತ್ತದೆ. ಕೈ ಮೇಲಿನ ಭಾರ ಹೆಚ್ಚಿನಂಶ ಇಳಿದಿರುತ್ತದೆ. ಮೊದಲ ಅರ್ಧ ನಿಮಿಷ ತೊಡೆಯ ಹಿಂಭಾಗ, ಮೀನಖಂಡ ಎರಡೂ ಜೋರಾಗಿಯೇ ತಕರಾರು ಮಾಡುತ್ತವೆ. ಅಲ್ಲೇ ಇದ್ದರೆ ಎರಡನೇ ನಿಮಿಷದ ಹೊತ್ತಿಗೆ ಉಸಿರು ತಾನಾಗಿ ಉದ್ದವಾಗುತ್ತದೆ. ಬೆನ್ನ ಕಡೆಯ ಪಕ್ಕೆಲುಬುಗಳು ಅಗಲವಾಗುವುದು ಗೊತ್ತಾಗುತ್ತದೆ. ಆಮೇಲೆ ಇನ್ನೂ ಸೂಕ್ಷ್ಮವಾದದ್ದು ಕಾಣಿಸಿಕೊಳ್ಳುತ್ತದೆ: ಹಗ್ಗ ಎಡಗಡೆಗಿಂತ ಬಲಗಡೆ ಹೆಚ್ಚು ಒತ್ತುತ್ತಿದೆ, ಒಂದು ಸೊಂಟ ತುಸು ಮುಂದಿದೆ, ಒಂದು ಹಿಮ್ಮಡಿಗೆ ಮಾತ್ರ ಭಾರ ಬೀಳುತ್ತಿದೆ. ತೋಳು ನಡುಗುತ್ತಿರುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ.

ನಾನು ಹಗ್ಗವನ್ನು ಬಿಡದಿರುವುದು ಇದಕ್ಕೇ. ನಮ್ಮ ದೇಹ ಈಗಾಗಲೇ ಅತಿಯಾಗಿ ಮಾಡುತ್ತಿರುವ ಕೆಲಸವನ್ನು ಅದು ಇಸಿದುಕೊಂಡು, ಇಲ್ಲಿಯವರೆಗೆ ಮಾಡದೇ ಉಳಿದ ಕೆಲಸವನ್ನು ನಮ್ಮ ಮುಂದೆ ಇಡುತ್ತದೆ. ಮೂರು ನಾಲ್ಕು ನಿಮಿಷ ಹೀಗಿದ್ದು, ಹಗ್ಗದಿಂದ ಹೊರಬಂದ ಕೂಡಲೇ ಅದೇ ಆಸನವನ್ನು ಆಸರೆಯಿಲ್ಲದೆ ಮಾಡಿ ನೋಡಿ. ತೊಡೆ ಹಿಂದಕ್ಕೆ ಹೋಗಬೇಕಾದ ದಿಕ್ಕು ದೇಹಕ್ಕೆ ನೆನಪಿರುತ್ತದೆ, ಕೈಗೆ ಹಗುರ ಎನಿಸುತ್ತದೆ. ಬಾಯಲ್ಲಿ ನೂರು ಸಲ “ತೊಡೆ ಹಿಂದಕ್ಕೆ” ಎಂದು ಹೇಳಿದರೂ ಆಗದ್ದು ಹಗ್ಗದ ಆ ಒಂದು ಎಳೆತದಲ್ಲಿ ಆಗಿಹೋಗುತ್ತದೆ.

ಇಟ್ಟಿಗೆಯ ವಿಷಯವೂ ಹೀಗೆಯೇ. ಕಾಲು ಅಗಲಿಸಿ ಪಕ್ಕಕ್ಕೆ ಬಾಗುವ ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟಿತು ಎಂದು ಸಂತೋಷಪಡುವವರನ್ನು ಪಕ್ಕದಿಂದ ನೋಡಬೇಕು. ಪೃಷ್ಠ ಹಿಂದೆ ಹೋಗಿರುತ್ತದೆ, ಎದೆ ನೆಲ ನೋಡುತ್ತಿರುತ್ತದೆ, ಮೇಲಿನ ಭುಜ ಮುಂದಕ್ಕೆ ಕವುಚಿರುತ್ತದೆ. ನೆಲ ಮುಟ್ಟಿದ್ದು ಕೈ, ಬೆಲೆ ತೆತ್ತದ್ದು ಬೆನ್ನು. ಸಾಮಾನ್ಯವಾಗಿ ಬಳಸುವ ಇಟ್ಟಿಗೆ ಸುಮಾರು 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, 3 ಇಂಚು ದಪ್ಪ. ಹೇಗೆ ನಿಲ್ಲಿಸುತ್ತೀರಿ ಎಂಬುದರ ಮೇಲೆ ಮೂರು ಎತ್ತರ ಸಿಗುತ್ತದೆ. ಅದನ್ನು ಉದ್ದಕ್ಕೆ ನಿಲ್ಲಿಸಿ ಕೈಯಡಿಗೆ ಕೊಟ್ಟ ತಕ್ಷಣ ಎದೆ ತಿರುಗಲು ಜಾಗ ಸಿಗುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಹಿಂದಿನ ಕಾಲು ಎಚ್ಚೆತ್ತು ಕೆಲಸ ಶುರು ಮಾಡುತ್ತದೆ. “ಅಯ್ಯೋ, ಇದು ಮುಂಚಿನದಕ್ಕಿಂತ ಕಷ್ಟ!” ಎನ್ನುತ್ತಾರೆ. ಹೌದು, ಸರಿಯಾದ ಜಾಗದಲ್ಲಿ ಕಷ್ಟ.

ಇದೆಲ್ಲ ಈಚಿನವರು ಹುಟ್ಟುಹಾಕಿದ್ದು, ಹಿಂದಿನವರಿಗೆ ಬೇಕಿರಲಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪತಂಜಲಿಯ “ಸ್ಥಿರಸುಖಮಾಸನಮ್” (ಸ್ಥಿರವೂ ಸುಖವೂ ಆದದ್ದು ಆಸನ) ಎಂಬ ಯೋಗಸೂತ್ರಕ್ಕೆ ಬರೆದ ವ್ಯಾಸಭಾಷ್ಯ ಪದ್ಮಾಸನ, ವೀರಾಸನಗಳ ಸಾಲಿನಲ್ಲೇ ‘ಸೋಪಾಶ್ರಯ’ ಎಂದು ಆಸರೆಯೊಡನೆ ಕೂರುವ ಆಸನವನ್ನೂ ಹೇಳುತ್ತದೆ. ಆ ಆಸರೆ ಯೋಗಪಟ್ಟ ಎಂದು ಭಾಷ್ಯಕ್ಕೆ ಟೀಕೆ ಬರೆದ ವಾಚಸ್ಪತಿ ಮಿಶ್ರ ವಿವರಿಸುತ್ತಾನೆ. ಯೋಗನರಸಿಂಹನ ವಿಗ್ರಹದಲ್ಲಿ ಎರಡು ಮಂಡಿಗಳನ್ನು ಬಳಸಿ ಬಿಗಿದಿರುತ್ತದಲ್ಲ, ಅದೇ ಪಟ್ಟಿ. ನಾವಿಂದು ಬೆಲ್ಟ್ ಎನ್ನುವುದರ ಹಿರಿಯ.

ಇಂದಿನ ರೂಪದ ಪರಿಕರಗಳು ಹೆಚ್ಚಿನವು ಬಂದದ್ದು ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರಿಂದ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಜರ್ಜರಿತರಾಗಿದ್ದವರು. ಮೈಸೂರಿನಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಬಳಿ ಕಲಿತು 1937ರಲ್ಲಿ ಪುಣೆಗೆ ಹೋದರು. 1966ರ ಅವರ ‘ಲೈಟ್ ಆನ್ ಯೋಗ’ ಪುಸ್ತಕದ ಚಿತ್ರಗಳಲ್ಲಿ ಆಸರೆ ಬಹುತೇಕ ಕಾಣುವುದೇ ಇಲ್ಲ. ಅದನ್ನೇ ತೋರಿಸಿ ವಾದ ಮಾಡುವವರಿದ್ದಾರೆ. ಆದರೆ ಆ ಚಿತ್ರಗಳಲ್ಲಿರುವುದು ಅವರೊಬ್ಬರ ದೇಹ. ಮುಂದೆ ಕಲಿಯಲು ಬಂದವರಲ್ಲಿ ಮೊಣಕಾಲು ಬಾಗದವರು, ಬೆನ್ನುನೋವಿನವರು, ಹೃದಯದ ತೊಂದರೆಯವರು ಎಲ್ಲ ಇದ್ದರು. ಅಂಥವರಿಗೂ ಆಸನದ ಫಲ ಸಿಗಲಿ ಎಂದು ಒಂದೊಂದು ಪರಿಕರವನ್ನು ರೂಪಿಸುತ್ತ ಹೋದರು. 2014ರಲ್ಲಿ ತೀರಿಕೊಂಡ ಅವರು ತೊಂಬತ್ತು ದಾಟಿದ ಮೇಲೂ ಆಸರೆಯೊಂದಿಗೆ ದೀರ್ಘ ಹೊತ್ತು ಆಸನಗಳಲ್ಲಿ ಇರುತ್ತಿದ್ದರು. ಆಸರೆ ಹೊಸಬರಿಗೆ ಮಾತ್ರ ಎನ್ನುವವರಿಗೆ ನಾನು ಇದನ್ನು ನೆನಪಿಸುತ್ತೇನೆ.

ಹಾಗಾದರೆ ಆಸರೆಯೇ ಅಭ್ಯಾಸವಾಗಿಬಿಡುವುದಿಲ್ಲವೇ? ಈ ಅನುಮಾನ ನ್ಯಾಯವಾದದ್ದು. ಇಟ್ಟಿಗೆಯ ಮೇಲೆ ಇಡೀ ಮೈಭಾರ ಹಾಕಿ ಕುಸಿದು ನಿಲ್ಲುವುದು, ಹಗ್ಗದಲ್ಲಿ ಸುಮ್ಮನೆ ಜೋತುಬೀಳುವುದು ಎರಡೂ ಯೋಗಾಭ್ಯಾಸವಲ್ಲ. ಅದಕ್ಕೇ ಒಮ್ಮೆ ಆಸರೆಯೊಂದಿಗೆ, ಒಮ್ಮೆ ಇಲ್ಲದೆ ಎಂದು ಬೆನ್ನುಬೆನ್ನಿಗೆ ಮಾಡಿಸುತ್ತೇನೆ. ತಿಂಗಳುಗಟ್ಟಲೆ ಮಾಡಿಯೂ ಆಸರೆಯಿಲ್ಲದ ಆಸನ ಬದಲಾಗದಿದ್ದರೆ ಆಸರೆಯನ್ನು ಬಳಸುತ್ತಿರುವ ರೀತಿ ತಪ್ಪು.

ಇನ್ನು ಮೈ ಬಳುಕುವವರು. ಹಗ್ಗ ಕಂಡರೆ ಇವರಿಗೇ ಹೆಚ್ಚು ಉತ್ಸಾಹ, ಅಪಾಯ ಹೆಚ್ಚಿರುವುದೂ ಇವರಿಗೇ. ಕೀಲುಗಳು ಸಡಿಲವಾಗಿರುವವರು ಹಗ್ಗದ ಎಳೆತಕ್ಕೆ ಪೂರ್ತಿ ಒಪ್ಪಿಸಿಕೊಂಡರೆ ಸ್ನಾಯುವಿನ ಬದಲು ಕೀಲಿನ ಕಟ್ಟುಗಳ ಮೇಲೆ ಭಾರ ಬೀಳುತ್ತದೆ. ಭುಜ, ಮಂಡಿ ಎರಡೂ ಕೆಡುವುದು ಹೀಗೆ. ಇಂಥವರಿಗೆ ನಾನು ಆಸರೆ ಕೊಡುವುದು ಇನ್ನಷ್ಟು ಆಳಕ್ಕೆ ಹೋಗಲೆಂದು ಅಲ್ಲ, ಒಂದು ಗಡಿಯಲ್ಲಿ ನಿಲ್ಲಲೆಂದು. ಅಂಗೈ, ಪಾದ ಊರಿ ಮೈಯನ್ನು ಬಿಲ್ಲಿನಂತೆ ಮೇಲೆತ್ತುವ ಊರ್ಧ್ವ ಧನುರಾಸನದಲ್ಲಿ ಮೊಣಕೈ ಹೊರಕ್ಕೆ ಜಾರದಂತೆ ಅದರ ಮೇಲೆ ಬೆಲ್ಟ್, ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧದಲ್ಲಿ ತೊಡೆಗಳ ನಡುವೆ ಒತ್ತಿ ಹಿಡಿಯಲು ಇಟ್ಟಿಗೆ. ಬಿಗಿ ಮೈಯವರಿಗೆ ಕೆಳಗಿನಿಂದ ಎತ್ತರ ಬೇಕು, ಸಡಿಲ ಮೈಯವರಿಗೆ ಎದುರೊತ್ತು ಬೇಕು. ಒಂದೇ ಪರಿಕರವನ್ನು ಇಬ್ಬರಿಗೂ ಒಂದೇ ರೀತಿ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಹಗ್ಗದಲ್ಲಿ ತಲೆಕೆಳಗಾಗಿ ನೇತಾಡುವುದನ್ನು ಎಲ್ಲರೂ ಬೇಗ ಮಾಡಬೇಕೆನ್ನುತ್ತಾರೆ. ಕತ್ತಿನ ಮೇಲೆ ಭಾರ ಬೀಳದ ಶೀರ್ಷಾಸನ ಅದು, ನಿಜಕ್ಕೂ ಸೊಗಸಾದದ್ದು. ಆದರೆ ರಕ್ತದೊತ್ತಡ ಹೆಚ್ಚಿರುವವರು, ಗ್ಲಾಕೋಮಾ ಅಥವಾ ಅಕ್ಷಿಪಟಲದ ತೊಂದರೆ ಇರುವವರು, ಗರ್ಭಿಣಿಯರು ಇದರ ಹತ್ತಿರ ಹೋಗಬಾರದು. ಮುಟ್ಟಿನ ದಿನಗಳಲ್ಲೂ ಅಯ್ಯಂಗಾರ್ ಪದ್ಧತಿಯಲ್ಲಿ ಇದನ್ನು ಮಾಡಿಸುವುದಿಲ್ಲ. ಉಳಿದವರೂ ಮೊದಲ ಸಲ ತಿಳಿದ ಶಿಕ್ಷಕರು ಪಕ್ಕದಲ್ಲಿದ್ದಾಗಲೇ ಮಾಡಬೇಕು. ಇಳಿದ ಮೇಲೆ ಥಟ್ಟನೆ ಎದ್ದು ನಿಲ್ಲದೆ, ಹಣೆಯನ್ನು ನೆಲಕ್ಕೊರಗಿಸಿ ಒಂದಿಷ್ಟು ಹೊತ್ತು ಇರಬೇಕು.

ಮನೆಯಲ್ಲಿ ಕೊಕ್ಕೆ ಹಾಕಿಸಬಹುದೇ ಎಂದು ಕೇಳುವವರಿಗೆ: ಗಟ್ಟಿ ಗೋಡೆಯಾದರೆ ಹಾಕಿಸಿ. ಹಲಗೆ ಅಥವಾ ಟೊಳ್ಳು ಗೋಡೆಗೆ ಖಂಡಿತ ಬೇಡ, ಅದು ಮೈಭಾರ ತಡೆಯುವುದಿಲ್ಲ. ಹಗ್ಗ ಸವೆದಿದೆಯೇ, ಗಂಟು ಸಡಿಲವಾಗಿದೆಯೇ, ಕೊಕ್ಕೆ ಅಲುಗಾಡುತ್ತಿದೆಯೇ ಎಂದು ಪ್ರತಿ ಸಲವೂ ಎಳೆದು ನೋಡಿ. ಕೊಕ್ಕೆ ಸಾಧ್ಯವಿಲ್ಲದಿದ್ದರೆ ಶ್ವಾನಾಸನಕ್ಕೆ ಉದ್ದನೆಯ ಬೆಲ್ಟ್ ಮತ್ತು ಬಾಗಿಲಿನ ಗಟ್ಟಿ ಹಿಡಿ ಸಾಕು. ಬಾಗಿಲು ನಿಮ್ಮಿಂದ ಆಚೆಗೆ ತೆರೆದುಕೊಳ್ಳುವ ಕಡೆ ನಿಂತುಕೊಳ್ಳಿ; ಆಗ ನೀವು ಎಳೆದಷ್ಟೂ ಅದು ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ. ನಿಮ್ಮ ಕಡೆಯಿಂದ ಚಿಲಕ ಹಾಕಿದ್ದರೆ ಆಚೆಯಿಂದ ಯಾರೂ ತೆರೆಯಲಾರರು.